ನಮ್ಮ ವಾರ್ಡಿಗೆ ನಿಲ್ಲೋರ ಹಿನ್ನೆಲೆ ಗೊತ್ತಿರೋರು ಹೇಳಿ, ಪಾರ್ಟಿ ಜಾತಿ ವಿಷ್ಯ ಬೇಡ

ಎರಡನೇ ಅಡ್ಡರಸ್ತೆ

ಎಲ್ರಿಗೂ ನಮಸ್ಕಾರ. ನಾವಿರೋದು ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಲೆಕ್ಕಕ್ಕೆ ಬರೋ ಒಂದು ಹಳೇ ಬಡಾವಣೆ, ವಾರ್ಡ್ ಹೆಸರು ಹಾಕೋದಿಲ್ಲ, ಹಾಕಿದ್ರೆ ಇಲ್ಲೇ ಜಗಳ ಶುರುವಾಗತ್ತೆ. ಕಾರ್ಪೊರೇಷನ್ ಎಲೆಕ್ಷನ್ ಮಾತು ಶುರುವಾದಾಗಿಂದ ಮೇನ್ ರೋಡಲ್ಲಿ ಮೂರು ಜನದ ಮುಖ ದಿನಾ ಕಾಣ್ತಿದೆ. ಒಬ್ರು ಕಂಟ್ರಾಕ್ಟರ್ರು, ಮಹಿಳಾ ಮೀಸಲು ಆದ್ರೆ ಹೆಂಡ್ತೀನ ನಿಲ್ಲಿಸ್ತೀನಿ ಇಲ್ಲಾಂದ್ರೆ ನಾನೇ ಅಂತ ಹೇಳ್ಕೊಂಡು ಓಡಾಡ್ತಿದಾರೆ. ಇನ್ನೊಬ್ರು ಸೈಟು ಮನೆ ವ್ಯವಹಾರದೋರು, ವರ್ಷಾ ವರ್ಷಾ ಓಂ ಶಕ್ತಿಗೆ ಹೋಗೋ ಹೆಂಗಸ್ರಿಗೆ ಬಸ್ ಮಾಡಿಸ್ತಾರೆ. ಮೂರನೇಯವರು ರಿಟೈರ್ಡ್ ಟೀಚರ್ ಮೇಡಂ, ನಿವಾಸಿಗಳ ಸಂಘದಲ್ಲಿ ಇದ್ದೋರು, ಅವ್ರು ಪಾರ್ಟಿ ಟಿಕೆಟ್ ಇಲ್ದಲೇ ನಿಲ್ತಾರಂತೆ.

ನಾನು ಕೇಳ್ತಿರೋದು ಇಷ್ಟೇ. ಇವ್ರ ಬಗ್ಗೆ ಏನು ನೋಡ್ಬೇಕು, ಎಲ್ಲಿ ನೋಡ್ಬೇಕು? ಯಾವ ಜನ ಯಾವ ಪಾರ್ಟಿ ಅಂತ ಎಲ್ರಿಗೂ ಗೊತ್ತು, ಅದು ಬಿಟ್ಟು ಬೇರೇನೂ ಯಾರಿಗೂ ಗೊತ್ತಿಲ್ಲ. ಈಗಿನ ಐದು ಪಾಲಿಕೆಗೂ ಮುಂಚೆ ಇದ್ದ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವತ್ತಿಂದ ನಮಗೆ ಕಾರ್ಪೊರೇಟರ್ ಅಂತಾನೇ ಇಲ್ಲ, ಮೋರಿ ಕಟ್ಕೊಂಡ್ರೆ ಎಂಎಲ್ಎ ಆಫೀಸ್ ಇಲ್ಲಾ ಇಂಜಿನಿಯರ್ ಹತ್ರ ಹೋಗಿ ನಿಲ್ಬೇಕು. ಇಷ್ಟು ವರ್ಷ ಆದ್ಮೇಲೆ ಆರಿಸೋವಾಗ ಕಣ್ಮುಚ್ಕೊಂಡು ಆರಿಸೋದಕ್ಕೆ ನನಗೆ ಮನಸಿಲ್ಲ.

ಪಾರ್ಕ್ ವಾಕಿಂಗ್

ಅಣ್ಣ ಒಳ್ಳೇ ವಿಷ್ಯ ಎತ್ತಿದೀರ. ಆದ್ರೆ ಬಸ್ ಮಾಡಿಸೋರ ಬಗ್ಗೆ ಒಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಕೊರೋನಾ ಎರಡನೇ ಅಲೆ ಟೈಮಲ್ಲಿ ನಮ್ಮ ಅತ್ತೆಗೆ ಬೆಡ್ ಸಿಗ್ದೇ ಒದ್ದಾಡ್ತಿದ್ವಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರೆ ಅವರೇ ಗಾಡಿ ಕಳಿಸಿದ್ರು, ಪಕ್ಕದ ಬೀದಿಗೆಲ್ಲ ರೇಷನ್ ಕಿಟ್ ಕೊಟ್ರು. ಆವಾಗ ಬಂದಿದ್ದು ಅವ್ರು ಒಬ್ರೇ. ಅದನ್ನ ನಾನು ಮರೆಯೋದಿಲ್ಲ. ಇದೂ ಹಿನ್ನೆಲೆನೇ ಅಲ್ವಾ?

ಎರಡನೇ ಅಡ್ಡರಸ್ತೆ

ಖಂಡಿತ ಹಿನ್ನೆಲೆನೇ ಅಕ್ಕ, ಅದನ್ನ ಯಾರೂ ಕಡೆಗಣಿಸ್ಬಾರ್ದು. ಕಷ್ಟಕ್ಕೆ ಬಂದೋರನ್ನ ನೆನಪಿಟ್ಕೊಳ್ಳೋದು ನ್ಯಾಯ. ನನಗೆ ಬೇಕಿರೋದು ಅದರ ಜೊತೆಗೆ ಉಳಿದ ಅರ್ಧ. ಆ ದುಡ್ಡು ಎಲ್ಲಿಂದ ಬರತ್ತೆ, ಗೆದ್ರೆ ಆ ವ್ಯವಹಾರಕ್ಕೂ ಪಾಲಿಕೆ ಸೀಟಿಗೂ ಏನು ಸಂಬಂಧ ಬರತ್ತೆ ಅಂತ.

ರಿಟೈರ್ಡ್ ಎಇ

ನಾನು ಪಾಲಿಕೆಯಲ್ಲೇ ಎಇ, ಅಂದ್ರೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಕೆಲಸ ಮಾಡಿ ರಿಟೈರ್ ಆದೋನು, ಯಾವ ಡಿವಿಷನ್ ಅಂತ ಹೇಳಲ್ಲ. ಎರಡನೇ ಅಡ್ಡರಸ್ತೆಯವ್ರ ಪ್ರಶ್ನೆಗೆ ನನ್ನ ಉತ್ತರ ಒಂದೇ, ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡ್ತಾನೆ ಅದನ್ನ ಮೊದ್ಲು ನೋಡಿ.

ಯಾಕೆ ಅಂದ್ರೆ ವಾರ್ಡಲ್ಲಿ ನಡಿಯೋ ಪ್ರತಿ ಕೆಲ್ಸಕ್ಕೂ ಒಂದು ಜಾಬ್ ನಂಬರ್ ಇರತ್ತೆ. ಬಿಬಿಎಂಪಿ ಟೈಮಲ್ಲಿ ಮೊದ್ಲು ವಾರ್ಡ್ ನಂಬರ್, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ, ಹೀಗೆ ಇರ್ತಿತ್ತು. ಆ ನಂಬರ್ ಹಿಡ್ಕೊಂಡ್ರೆ ಎಸ್ಟಿಮೇಟ್ ಎಷ್ಟು, ವರ್ಕ್ ಆರ್ಡರ್ ಯಾರ ಹೆಸರಲ್ಲಿ, ಎಂಬಿ ಪುಸ್ತಕದಲ್ಲಿ ಅಳತೆ ಎಷ್ಟು ಬರ್ದಿದಾರೆ, ಬಿಲ್ ಯಾವಾಗ ಪಾಸ್ ಆಯ್ತು ಎಲ್ಲ ಸಿಗತ್ತೆ. ಮೋರಿ ಹೂಳು ತೆಗ್ದಿದ್ದು, ಫುಟ್‌ಪಾತ್ ಕಲ್ಲು ಹಾಕಿದ್ದು, ಪಾರ್ಕ್ ಬೇಲಿ, ಬೋರ್‌ವೆಲ್ ರಿಪೇರಿ, ಎಲ್ಲಕ್ಕೂ ಫೈಲ್ ಇದೆ. ನಿಮ್ಮ ವಾರ್ಡಿಂದು ಕಳೆದ ಐದು ವರ್ಷದ ಕೆಲಸದ ಪಟ್ಟಿ ಆರ್‌ಟಿಐಯಲ್ಲಿ ಕೇಳಿ. ಹತ್ತು ರೂಪಾಯಿ ಫೀಸು, ಕಾಪಿಗೆ ಪುಟಕ್ಕೆ ಎರಡು ರೂಪಾಯಿ. ಪಟ್ಟೀಲಿ ಯಾವ ಹೆಸರು ಪದೇ ಪದೇ ಬರತ್ತೆ ಅಂತ ಒಂದು ಸಲ ಗುರುತು ಹಾಕಿ ನೋಡಿ, ಆಮೇಲೆ ಫ್ಲೆಕ್ಸ್ ನೋಡಿ.

ಒಂದು ಎಚ್ಚರಿಕೆ. ಎಲ್ಲ ಕೆಲ್ಸನೂ ಟೆಂಡರ್ ಪೋರ್ಟಲ್ಲಲ್ಲಿ ಕಾಣಲ್ಲ. 4ಜಿ ಅಂತೀವಲ್ಲ, ಸರ್ಕಾರಿ ಕೆಲ್ಸಕ್ಕೆ ಟೆಂಡರ್ ಕರೀಬೇಕು ಅನ್ನೋ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ, ಅದರಲ್ಲಿ ಟೆಂಡರ್ ಇಲ್ಲದೇ ಸರ್ಕಾರದ್ದೇ ನಿಗಮ ಕೆಆರ್‌ಐಡಿಎಲ್‌ಗೆ ನೇರವಾಗಿ ಕೆಲಸ ಕೊಡಬಹುದು. ಅಲ್ಲಿಂದ ಮುಂದೆ ಸ್ಥಳದಲ್ಲಿ ನಿಂತು ಮಾಡಿಸೋರು ಯಾರು ಅಂತ ಪೋರ್ಟಲ್ಲಲ್ಲಿ ಹುಡುಕಿದ್ರೆ ಸಿಗಲ್ಲ. ಅದಕ್ಕೆ ಬೀದಿ ಜನಾನೇ ಕೇಳ್ಬೇಕು, ಜಲ್ಲಿ ಇಳಿಸೋವಾಗ ಮೇಸ್ತ್ರಿ ಯಾರ ಕಡೆಯೋನು ಅಂತ. ನಾನು ಸೈಟಲ್ಲಿ ಇದ್ದಷ್ಟು ವರ್ಷ ಆ ಒಂದು ಪ್ರಶ್ನೆ ಕೇಳಿದ ನಿವಾಸಿಗಳು ತುಂಬಾ ಕಮ್ಮಿ.

ಕಂಟ್ರಾಕ್ಟರ್ ಅಂದ ತಕ್ಷಣ ಕೆಟ್ಟೋನು ಅಂತ ನಾನು ಹೇಳ್ತಿಲ್ಲ. ಒಳ್ಳೇ ಕೆಲಸ ಮಾಡಿ ಬಿಲ್ಲಿಗೆ ಎರಡು ಮೂರು ವರ್ಷ ಅಲೆದು ಬಡ್ಡಿ ಕಟ್ಟಿ ಸೋತೋರನ್ನ ನೋಡಿದೀನಿ. ಆದ್ರೆ ಕೆಲಸ ಮಾಡೋನೂ ಅವ್ನೇ, ಕೆಲಸ ಸರಿ ಆಗಿದೆಯಾ ಅಂತ ಕೇಳೋ ಜಾಗದಲ್ಲಿ ಕೂರೋನೂ ಅವ್ನೇ ಆದ್ರೆ ಇಂಜಿನಿಯರ್ ಕೈ ಕಟ್ಟಿ ಹೋಗತ್ತೆ. ನನ್ನ ಕೈ ಕಟ್ಟಿತ್ತು, ಅದಕ್ಕೇ ಹೇಳ್ತಿದೀನಿ.

ಹುಬ್ಳಿ ಮಂದಿ

ಎಇ ಸಾಹೇಬ್ರ ಬರೋಬ್ಬರಿ ಹೇಳ್ಯಾರ. ನಾ ಈಗ ಬೆಂಗಳೂರಾಗ ಇದ್ದೇನಿ, ಓಟು ಮಾತ್ರ ಇನ್ನೂ ಹುಬ್ಬಳ್ಳಿಯೊಳಗ ಐತಿ. ನಮ್ಮ ಕಡೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಮೂರಕ್ಕೂ 2021ರ ಸೆಪ್ಟೆಂಬರ್‌ನ್ಯಾಗ ಒಮ್ಮೆಲೇ ಇಲೆಕ್ಷನ್ ಆತು, ಹುಬ್ಬಳ್ಳಿ-ಧಾರವಾಡದಾಗ 82 ವಾರ್ಡು. ಆವಾಗ ನಮ್ಮ ಓಣ್ಯಾಗ ಮಂದಿ ಬರೇ ಯಾರ ಮಗಾ, ಯಾರ ಅಳಿಯಾ ಅಂತ ಕೇಳಿದ್ರು ನೋಡ್ರಿ, ಏನ ಉದ್ಯೋಗ ಮಾಡ್ತಾನಂತ ಒಬ್ಬರೂ ಕೇಳ್ಲಿಲ್ಲ.

ಬೆಳಗಾವಿ ಕಥಿ ಕೇಳ್ರಿ. ಪಾಲಿಕೆದು ಖಾವು ಕಟ್ಟಾ ಅಂತ ತಿಂಡಿ ಅಂಗಡಿ ಸಾಲು ಐತಿ. ಇಬ್ಬರು ಕಾರ್ಪೊರೇಟರ್‌ಗಳ ಹೆಂಡ್ತ್ಯಾರ ಹೆಸರಿನ್ಯಾಗ ಅಲ್ಲಿ ಮಳಿಗಿ ಅದಾವು ಅಂತ ದೂರು ಬಂತು, 2025ರ ಫೆಬ್ರವರಿಯೊಳಗ ಪ್ರಾದೇಶಿಕ ಆಯುಕ್ತರು ಇಬ್ಬರದೂ ಸದಸ್ಯತ್ವ ರದ್ದು ಅಂತ ಆದೇಶ ಮಾಡಿದ್ರು. ಅವರು ಕೋರ್ಟಿಗೆ ಹೋದ್ರು, ಅದು ಬ್ಯಾರೆ ಮಾತು. ನಾ ಹೇಳೂದೇನಂದ್ರ, ಒಂದು ಸಣ್ಣ ಅಂಗಡಿ ಸೈತ ಸೀಟಿಗೆ ಕುತ್ತು ತರತೈತಿ, ಅಂಥಾದ್ರಾಗ ರೋಡು ಗಟಾರದ ಗುತ್ತಿಗಿ ಅಂದ್ರ ಮಂದಿ ಯಾಕ ಸುಮ್ನ ಕುಂದರತಾರ?

ಕೋರ್ಟ್ ಕಡೆಯೋರು

ನಾನು ವಕೀಲಿ ಮಾಡ್ತೀನಿ, ಸಿವಿಲ್ ಕಡೆ. ಹುಬ್ಳಿಯವ್ರು ಹೇಳಿದ್ದಕ್ಕೆ ಕಾನೂನು ಇರೋದು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 26ನೇ ಸೆಕ್ಷನ್ನಲ್ಲಿ, ಪಾಲಿಕೆ ಜೊತೆ ಗುತ್ತಿಗೇಲಿ ನೇರವಾಗೋ ಪರೋಕ್ಷವಾಗೋ ಪಾಲು ಇದ್ರೆ ಸದಸ್ಯ ಆಗೋಕೆ ಅನರ್ಹ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಪ್ರತ್ಯೇಕವಾಗಿದೆ, ಹಾಗಾಗಿ ನಾಮಪತ್ರ ಹೊತ್ತಿಗೆ ಈ ಹೊಸ ಕಾಯ್ದೆಯ ಅನರ್ಹತೆ ಸೆಕ್ಷನ್ ಓದಿಕೊಂಡೇ ಆಕ್ಷೇಪಣೆ ಹಾಕಿ.

ಇನ್ನು ಅಫಿಡವಿಟ್ ವಿಷ್ಯ, ಅಂದ್ರೆ ಅಭ್ಯರ್ಥಿ ನಾಮಪತ್ರದ ಜೊತೆ ತನ್ನ ಬಗ್ಗೆ ಬರ್ದು ಕೊಡೋ ಪ್ರಮಾಣಪತ್ರ. 2002ರ ಮೇ 2ಕ್ಕೆ ಸುಪ್ರೀಂ ಕೋರ್ಟ್, ಚುನಾವಣಾ ಸುಧಾರಣೆಗೆ ಕೆಲಸ ಮಾಡೋ ಎಡಿಆರ್ ಸಂಸ್ಥೆ ಹಾಕಿದ್ದ ಕೇಸಲ್ಲಿ, ಮತದಾರನಿಗೆ ಅಭ್ಯರ್ಥಿ ಬಗ್ಗೆ ತಿಳ್ಕೊಳ್ಳೋ ಹಕ್ಕಿದೆ, ಕ್ರಿಮಿನಲ್ ಕೇಸು, ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲ ಬಹಿರಂಗ ಮಾಡ್ಬೇಕು ಅಂತು. ಅದು ಎಂಪಿ ಎಂಎಲ್ಎಗಳ ಬಗ್ಗೆ. ಕರ್ನಾಟಕದಲ್ಲಿ ರಾಜ್ಯ ಚುನಾವಣಾ ಆಯೋಗ 2003ರಲ್ಲೇ ಆದೇಶ ಹೊರಡಿಸಿ ಸ್ಥಳೀಯ ಸಂಸ್ಥೆಗೂ ಅದನ್ನ ತಂದಿದೆ. ಇನ್ನೊಂದು ತೀರ್ಪು ಎಲ್ರಿಗೂ ಗೊತ್ತಿರ್ಬೇಕು, 2015ರದ್ದು. ಕೊಯಮತ್ತೂರು ಜಿಲ್ಲೆಯ ಒಂದು ಪಂಚಾಯ್ತಿ ಅಧ್ಯಕ್ಷರು ಒಂದು ಕೇಸು ಮಾತ್ರ ಬರೆದು ಉಳಿದ ಕೇಸು ಮುಚ್ಚಿಟ್ಟಿದ್ರು, ಹಾಗೆ ಮುಚ್ಚಿಡೋದು ಭ್ರಷ್ಟ ಚುನಾವಣಾ ಕ್ರಮ, ಆಯ್ಕೆ ರದ್ದು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಪಂಚಾಯ್ತಿಗೇ ಈ ಮಾತಾದ್ರೆ ಪಾಲಿಕೆಗೆ ಆಗಲ್ವಾ.

ಚಾಮುಂಡಿಪುರಂ

ಪಾಲಿಕೆಗೂ ಆಗಿದೆ ಸಾರ್, ನಮ್ಮ ಮೈಸೂರಲ್ಲೇ. 2018ರಲ್ಲಿ 36ನೇ ವಾರ್ಡಿಂದ ಗೆದ್ದೋರು 2021ರ ಫೆಬ್ರವರೀಲಿ ಮೇಯರೂ ಆದ್ರು, ಅಷ್ಟರಲ್ಲಿ ಸೋತ ಅಭ್ಯರ್ಥಿ ಹಾಕಿದ್ದ ಕೇಸು ಕೋರ್ಟಲ್ಲಿ ನಡೀತಾನೇ ಇತ್ತು, ಅಫಿಡವಿಟ್‌ನಲ್ಲಿ ಗಂಡನ ಆಸ್ತಿ ಸರಿಯಾಗಿ ತೋರಿಸಿಲ್ಲ ಅಂತ. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ಸದಸ್ಯತ್ವ ರದ್ದು ಎತ್ತಿಹಿಡೀತು, ಮೇಯರ್ ಕುರ್ಚಿ ಹೋಯ್ತು, ಆ ವಾರ್ಡಿಗೆ ಬೈ ಎಲೆಕ್ಷನ್ ಆಯ್ತು. 2022ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ರುಕ್ಮಿಣಿ ಮಾದೇಗೌಡ ಕೇಸು ಅಂತ ಹುಡುಕಿದ್ರೆ ಪೂರ್ತಿ ತೀರ್ಪು ಸಿಗತ್ತೆ.

ಇದರಲ್ಲಿ ನನಗೆ ಬೇಜಾರಾಗೋ ವಿಷ್ಯ ಬೇರೆ ಇದೆ. ಕೇಸ್ ಹಾಕಿದ್ದು ಸೋತೋರು. ಓಟ್ ಹಾಕಿದ ನಾವು ಯಾರೂ ಆ ಕಾಗದ ಓದಿರ್ಲಿಲ್ಲ. ನಾಮಪತ್ರ ಸಲ್ಲಿಸಿದ ದಿನಾನೇ ಯಾರಾದ್ರೂ ಒಬ್ರು ಕೂತು ಓದಿದ್ರೆ ಮೂರು ವರ್ಷ ಆದ್ಮೇಲೆ ಈ ಸ್ಥಿತಿ ಬರ್ತಿರ್ಲಿಲ್ಲ. ಈಗ ನಮ್ಮೂರಿಗೂ 2023ರ ನವೆಂಬರ್‌ನಿಂದ ಕೌನ್ಸಿಲ್ ಇಲ್ಲ, ನಿಮ್ಮ ನೋವು ನಮಗೂ ಗೊತ್ತು.

ಫಸ್ಟ್ ಟೈಂ ಓಟರ್

ನನಗೆ 27 ವರ್ಷ, ಇದುವರೆಗೂ ಕಾರ್ಪೊರೇಟರ್ ಓಟ್ ಹಾಕೇ ಇಲ್ಲ!! ಬೆಂಗಳೂರಲ್ಲಿ ಕೊನೇ ಕಾರ್ಪೊರೇಷನ್ ಎಲೆಕ್ಷನ್ ಆಗಿದ್ದು 2015ರ ಆಗಸ್ಟ್ 22ಕ್ಕೆ, ಆವಾಗ ನಾನು ಹೈಸ್ಕೂಲು. ನನ್ನ ಆಫೀಸಲ್ಲಿ ಅರ್ಧ ಜನಕ್ಕೆ ಕಾರ್ಪೊರೇಟರ್ ಅಂದ್ರೆ ಏನು ಮಾಡ್ತಾರೆ ಅಂತಾನೇ ಗೊತ್ತಿಲ್ಲ. ಒಂದು ಡೌಟು, ಇವ್ರಿಗೆ ಡಿಗ್ರಿ ಆಗಿರ್ಬೇಕು ಅಂತ ರೂಲ್ ಯಾಕೆ ಇಲ್ಲ? ಬಜೆಟ್ ಓದೋಕೆ ಬರ್ದೇ ಇರೋರು ಹೋಗಿ ಏನು ಮಾಡ್ತಾರೆ?

ಕೋರ್ಟ್ ಕಡೆಯೋರು

ತಮ್ಮಾ, ನಮ್ಮಲ್ಲಿ 21 ವರ್ಷ ಆಗಿರ್ಬೇಕು, ಪಾಲಿಕೆಯ ಮತದಾರರ ಪಟ್ಟೀಲಿ ಹೆಸರಿರ್ಬೇಕು, ಓದಿನ ಷರತ್ತು ಇಲ್ಲ. ಹರಿಯಾಣದಲ್ಲಿ ಪಂಚಾಯ್ತಿಗೆ ತಂದ್ರು, 2015ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ರಾಜಸ್ಥಾನದಲ್ಲೂ ತಂದು 2019ರಲ್ಲಿ ವಾಪಸ್ ತೆಗೆದ್ರು, ಬಡವರು ಹೆಂಗಸರೇ ಜಾಸ್ತಿ ಹೊರಗೆ ಉಳೀತಾರೆ ಅನ್ನೋ ವಾದ ಇತ್ತು. ನನ್ನ ಅಭಿಪ್ರಾಯ ಕೇಳಿದ್ರೆ ಓದಿನ ಕಾಲಂ ನೋಡಿ, ಸುಳ್ಳು ಬರ್ದಿದಾರಾ ಅಂತ ನೋಡೋಕೆ.

ಹಿತ್ತಲ ದಾಸವಾಳ

ಎಲ್ಲ ಓದ್ತಾ ಬಂದೆ, ಒಂದು ಹೇಳ್ಲೇಬೇಕು. ಮೊದಲ ಪೋಸ್ಟಲ್ಲಿ "ಹೆಂಡ್ತೀನ ನಿಲ್ಲಿಸ್ತೀನಿ" ಅನ್ನೋ ಮಾತು ಬಂದಿದೆ, ಅದಕ್ಕೆ ಯಾರೂ ನಿಂತು ಯೋಚ್ನೆ ಮಾಡ್ಲಿಲ್ಲ. ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನಿದೆ, ಸಂವಿಧಾನ ಮೂರರಲ್ಲಿ ಒಂದು ಭಾಗ ಅಂದ್ರೆ ನಮ್ಮ ರಾಜ್ಯ ಶೇಕಡಾ 50 ಮಾಡಿದೆ. ಆದ್ರೆ ಆಯಮ್ಮನ ಹಿನ್ನೆಲೆ ಏನು ಅಂತ ಯಾರೂ ಕೇಳೋದೇ ಇಲ್ಲ, ಗಂಡನ ಹಿನ್ನೆಲೆ ಕೇಳ್ತಾರೆ, ಪಾಂಪ್ಲೆಟ್ಟಲ್ಲೂ ಗಂಡನ ಫೋಟೋನೇ ದೊಡ್ಡದು. ಕೊನೆಗೆ ಬೈಗುಳ ಮಾತ್ರ ಅವಳಿಗೆ.

ನಾನು ವಾರ್ಡ್ ಕಮಿಟಿ ಸಭೆಗೆ ಹೋಗ್ತಿದ್ದೆ, ತಿಂಗಳ ಮೊದಲ ಶನಿವಾರ ನಡೀತಿತ್ತಲ್ಲ ಅದು. ನಾನು ಹೋಗ್ತಿದ್ದ ವಾರ್ಡಲ್ಲಿ ಕಾರ್ಪೊರೇಟರ್ ಹೆಂಗಸು, ಮೊದಲ ಎರಡು ಮೂರು ಸಭೇಲಿ ಆಕೆ ಬಾಯಿ ಬಿಡ್ಲಿಲ್ಲ, ಪಕ್ಕದಲ್ಲಿ ಕೂತ ಗಂಡನೇ ಉತ್ರ ಕೊಡ್ತಿದ್ದ. ಒಂದಿನ ಒಬ್ರು ಅಜ್ಜಿ ಎದ್ದು, ನಾನು ಓಟ್ ಹಾಕಿದ್ದು ನಿನಗಮ್ಮಾ, ನೀನು ಹೇಳು ನಮ್ಮ ಬೀದಿಗೆ ನೀರು ಯಾವತ್ತು ಬರತ್ತೆ ಅಂದ್ರು. ಆಕೆ ಮುಖ ಕೆಂಪಾಯ್ತು, ನಾಳಿದ್ದು ವಾಟರ್‌ಮ್ಯಾನ್ ಕರ್ಕೊಂಡು ನಾನೇ ಬರ್ತೀನಿ ಅಂದ್ಲು, ಬಂದ್ಲು ಕೂಡ. ಆಮೇಲಿಂದ ಗಂಡ ಬಾಗಿಲ ಹತ್ರ ನಿಲ್ಲೋಕೆ ಶುರು ಮಾಡ್ದ. ಆಕೆಗೆ ಕೆಲಸ ಬರ್ತಿತ್ತು, ಕೇಳೋರು ಇರ್ಲಿಲ್ಲ ಅಷ್ಟೇ.

ಅದಕ್ಕೆ ನಾನು ಹೇಳೋದು, ಕಂಟ್ರಾಕ್ಟರ್ ಹೆಂಡ್ತಿ ನಿಂತ್ರೆ ಆಕೆ ಹತ್ರಾನೇ ಹೋಗಿ ಮಾತಾಡ್ಸಿ. ಏನು ಓದಿದೀರ, ಹೊರಗೆ ಏನು ಕೆಲಸ ಮಾಡಿದೀರ, ಸ್ತ್ರೀಶಕ್ತಿ ಸಂಘ ನಡೆಸಿದೀರಾ, ನಿಮ್ಮ ಹೆಸರಲ್ಲಿ ಯಾವ ಸಂಸ್ಥೆ ಇದೆ, ಅದರಲ್ಲಿ ಸೈನ್ ಮಾಡೋರು ಯಾರು. ಎಷ್ಟೋ ಕಡೆ ಲೈಸೆನ್ಸ್ ಹೆಂಡ್ತಿ ಹೆಸರಲ್ಲೇ ಇರತ್ತೆ, ಆಕೆಗೇ ಗೊತ್ತಿರಲ್ಲ.

ರಿಟೈರ್ಡ್ ಎಇ

ದಾಸವಾಳ ಮೇಡಂ ಹೇಳಿದ ಕೊನೇ ಸಾಲು ನೂರಕ್ಕೆ ನೂರು ನಿಜ. ಕೆಲಸದ ಪಟ್ಟಿ ನೋಡೋವಾಗ ಹೆಂಡ್ತಿ, ಬಾಮೈದ, ಅಳಿಯನ ಹೆಸರೂ ನೋಡಿ.

ಎರಡನೇ ಅಡ್ಡರಸ್ತೆ

ಮೇಡಂ, ಆ ಮಾತು ನಾನು ಕೇಳಿಸ್ಕೊಂಡ ಹಾಗೇ ಬರ್ದೆ, ಆದ್ರೆ ನನಗೂ ಆಕೆ ಹೆಸರು ಕೇಳ್ಬೇಕು ಅಂತ ಹೊಳೀಲೇ ಇಲ್ಲ. ತಪ್ಪಾಯ್ತು. ನಾಳೆನೇ ಮನೆಯವಳ್ನ ಕರ್ಕೊಂಡು ಹೋಗಿ ಮಾತಾಡಿಸ್ತೀವಿ.

ಇನ್ನೊಂದು ಪ್ರಶ್ನೆ, ಅಫಿಡವಿಟ್ ಎಲ್ಲಿ ಸಿಗತ್ತೆ? ನಾನು ಮೊಬೈಲಲ್ಲಿ ಚುನಾವಣಾ ಆಯೋಗದ ಆ್ಯಪ್ ಹಾಕ್ಕೊಂಡು ನೋಡಿದೆ, ಅದ್ರಲ್ಲಿ ಎಂಎಲ್ಎ ಎಂಪಿಗಳದ್ದು ಮಾತ್ರ ಇದೆ.

ಕೋರ್ಟ್ ಕಡೆಯೋರು

ಅದು ದೆಹಲಿ ಆಯೋಗದ್ದು, ಅದಕ್ಕೂ ಪಾಲಿಕೆ ಚುನಾವಣೆಗೂ ಸಂಬಂಧ ಇಲ್ಲ. ಪಾಲಿಕೆ, ಪಂಚಾಯ್ತಿ ಎಲ್ಲ ನಡೆಸೋದು ಕರ್ನಾಟಕ ರಾಜ್ಯ ಚುನಾವಣಾ ಆಯೋಗ, ಅದು ಬೇರೆ ಸಂಸ್ಥೆ. ನಾಮಪತ್ರ ಹಾಕಿದ ಮೇಲೆ ಚುನಾವಣಾಧಿಕಾರಿ ಆಫೀಸಿಗೆ ಹೋಗಿ ಅಫಿಡವಿಟ್ ಕಾಪಿ ಕೇಳಿ. ನಾಮಪತ್ರಕ್ಕೂ ಪರಿಶೀಲನೆಗೂ ಮಧ್ಯೆ ಟೈಮ್ ತುಂಬಾ ಕಮ್ಮಿ ಇರತ್ತೆ, ಆ ದಿನಕ್ಕೆ ಇಬ್ರು ಬಿಡುವು ಮಾಡ್ಕೊಂಡು ರೆಡಿ ಇರಿ.

ಓದೋವಾಗ ಕೇಸಿನ ಸಂಖ್ಯೆ ನೋಡಿ ಹೆದರ್ಬೇಡಿ, ಸೆಕ್ಷನ್ ನೋಡಿ. ಐಪಿಸಿ 143, 341 ಇದ್ರೆ ಗುಂಪು ಸೇರಿದ್ದು, ದಾರಿ ತಡೆದಿದ್ದು, ನೀರಿಗೋ ಕಸಕ್ಕೋ ರಸ್ತೇಲಿ ಕೂತು ಪ್ರತಿಭಟನೆ ಮಾಡಿದೋರ ಮೇಲೂ ಇದನ್ನೇ ಹಾಕ್ತಾರೆ. 420 ಅಂದ್ರೆ ಮೋಸ, 307 ಅಂದ್ರೆ ಕೊಲೆ ಯತ್ನ, ಅದು ಬೇರೆ ತೂಕ. 2024ರ ಜುಲೈ 1ರ ಆಮೇಲಿನ ಕೇಸಾದ್ರೆ ಐಪಿಸಿ ಬದಲಿಗೆ ಬಂದ ಬಿಎನ್ಎಸ್ ನಂಬರ್ ಇರತ್ತೆ, ಅಲ್ಲಿ ಮೋಸಕ್ಕೆ 318. ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಬಹುದು, ಆದ್ರೆ ಒಂದೇ ಹೆಸರಿನೋರು ಹತ್ತು ಜನ ಸಿಗ್ತಾರೆ, ತಂದೆ ಹೆಸರು ವಿಳಾಸ ತಾಳೆ ನೋಡ್ದೇ ಯಾರ ಮೇಲೂ ಗ್ರೂಪಲ್ಲಿ ಹಾಕ್ಬೇಡಿ, ದಯವಿಟ್ಟು. ಆಮೇಲೆ ನಿಮ್ಮ ಮೇಲೇ ಮಾನನಷ್ಟ ಕೇಸು ಬರತ್ತೆ, ಅದಕ್ಕಿಂತ ಮುಖ್ಯ, ಏನೂ ಮಾಡ್ದೇ ಇರೋ ಒಬ್ರ ಮಾನ ಹೋಗತ್ತೆ.

ಪಾರ್ಕ್ ವಾಕಿಂಗ್

ಟೀಚರ್ ಮೇಡಂ ಬಗ್ಗೆ ಯಾರೂ ಏನೂ ಕೇಳ್ಲಿಲ್ಲ ನೋಡಿ! ಒಳ್ಳೇ ಹೆಂಗಸು, ಅನುಮಾನ ಇಲ್ಲ. ಆದ್ರೆ ಅವ್ರ ಸಂಘದ ಸಭೆಗೆ ಸ್ವಂತ ಮನೆ ಇರೋರಿಗೆ ಮಾತ್ರ ಪ್ರವೇಶ ಇತ್ತು, ನಾವು ಬಾಡಿಗೆಯೋರು ಹನ್ನೆರಡು ವರ್ಷ ಇಲ್ಲೇ ಇದೀವಿ, ಒಂದು ದಿನ ಕರೀಲಿಲ್ಲ. ಹಿಂದಿನ ಗುಡಿಸಲು ಸಾಲಿನ ಜನಾನೂ ಕರೀಲಿಲ್ಲ. ತಳ್ಳುಗಾಡಿಯೋರನ್ನ ಎಬ್ಬಿಸಿ ಅಂತ ಅರ್ಜಿ ಹಾಕಿದ್ದೂ ಅದೇ ಸಂಘ. ಅದೂ ಹಿನ್ನೆಲೆಗೆ ಸೇರತ್ತೆ ಅಂತ ನನ್ನ ಭಾವನೆ.

ಎರಡನೇ ಅಡ್ಡರಸ್ತೆ

ಇದು ನನಗೆ ಗೊತ್ತೇ ಇರ್ಲಿಲ್ಲ ಅಕ್ಕ. ನಾನೂ ಸ್ವಂತ ಮನೆಯೋನು, ಅದಕ್ಕೇ ಕಣ್ಣಿಗೆ ಬಿದ್ದಿಲ್ಲ ಅನ್ಸತ್ತೆ. ಅವ್ರಿಗೂ ಇದೇ ಪ್ರಶ್ನೆ ಕೇಳೋಣ.

ಫಸ್ಟ್ ಟೈಂ ಓಟರ್

ಒಂದು ಲೆಕ್ಕ ಹಾಕಿದೆ. 2011ರ ಜನಗಣತಿ ಪ್ರಕಾರ ಬಿಬಿಎಂಪಿ ಜನಸಂಖ್ಯೆ 84 ಲಕ್ಷ ಚಿಲ್ಲರೆ. ಆವಾಗ 198 ವಾರ್ಡು, ಅಂದ್ರೆ ಸರಾಸರಿ ವಾರ್ಡಿಗೆ 42 ಸಾವಿರಕ್ಕಿಂತ ಜಾಸ್ತಿ. ಈಗ ಐದು ಪಾಲಿಕೆ ಸೇರಿ 369 ವಾರ್ಡು, ನಮ್ಮ ಪಶ್ಚಿಮದಲ್ಲೇ 112. ಅದೇ ಜನಗಣತಿ ಲೆಕ್ಕದಲ್ಲಿ ಸರಾಸರಿ 23 ಸಾವಿರ ಅಷ್ಟೇ. 2015ರಲ್ಲಿ ಓಟ್ ಹಾಕಿದ್ದು ಅರ್ಧಕ್ಕಿಂತ ಕಮ್ಮಿ ಜನ. ಈ ಸಲನೂ ಹಾಗೇ ಆದ್ರೆ, ಮೂರು ನಾಲ್ಕು ಜನ ನಿಂತ್ರೆ ಕೆಲವು ನೂರು ಓಟಲ್ಲಿ ಸೋಲು ಗೆಲುವು ಆಗತ್ತೆ. ಒಂದು ಅಪಾರ್ಟ್‌ಮೆಂಟ್, ಎರಡು ಬೀದಿ ಸಾಕು. ನಮ್ಮ ಪಿಜಿ ಹುಡುಗ್ರನ್ನ ನಾನು ಲಿಸ್ಟಿಗೆ ಸೇರಿಸ್ತೀನಿ.

ಹುಬ್ಳಿ ಮಂದಿ

ಭಾಳ ಚಲೋ ಆತು ತಮ್ಮಾ. ಅವರ ಹೆಸರು ಯಾವ ವಾರ್ಡಿನ ಪಟ್ಟಿಯೊಳಗ ಐತಿ ಅದನ್ನೂ ನೋಡ್ಸು, ವಾರ್ಡ್ ಗಡಿ ಬದಲಿ ಆಗ್ಯಾವು. ಒಂದ ಮನ್ಯಾಗಿನ ಮಂದಿ ಎರಡು ವಾರ್ಡಿಗೆ ಹೋದ ದಾಖಲಿ ಅದಾವು.

ಹಿತ್ತಲ ದಾಸವಾಳ

2020ರ ಆಮೇಲೂ ಕಾರ್ಪೊರೇಟರ್ ಬದಲು ನೋಡಲ್ ಆಫೀಸರ್ ಇಟ್ಕೊಂಡು ವಾರ್ಡ್ ಸಭೆ ನಡೆಸ್ತಿದ್ರಲ್ಲ, ಅದರ ನಡಾವಳಿ ಮತ್ತೆ ಹಾಜರಿ ಪುಸ್ತಕದ ಕಾಪಿನೂ ಆರ್‌ಟಿಐ ಅರ್ಜೀಲಿ ಸೇರಿಸಿ. ಈ ಮೂರು ಜನದಲ್ಲಿ ಯಾರು ಎಷ್ಟು ಸಲ ಬಂದು ಕೂತಿದ್ರು, ಏನು ಕೇಳಿದ್ರು ಅದ್ರಲ್ಲೇ ಇರತ್ತೆ. ಕಾರ್ಪೊರೇಟರ್ ಇಲ್ದೇ ಇದ್ದ ಕಾಲದಲ್ಲಿ ಬಂದೋರು ಯಾರು ಅಂತ ನನಗೆ ನೋಡ್ಬೇಕು.

ಎರಡನೇ ಅಡ್ಡರಸ್ತೆ

ಸರಿ, ಅರ್ಜಿ ನಾನೇ ಬರೀತೀನಿ. ಐದು ವರ್ಷದ ಜಾಬ್ ನಂಬರ್ ಪಟ್ಟಿ, ವರ್ಕ್ ಆರ್ಡರ್ ಹೆಸರುಗಳು, ಸಭೆ ಹಾಜರಿ. 30 ದಿನದೊಳಗೆ ಕೊಡ್ಬೇಕು, ಆದ್ರೆ ಎಲೆಕ್ಷನ್ ಡೇಟ್ ಅದಕ್ಕೂ ಮುಂಚೆ ಬಂದ್ರೂ ಬಂತು, ಅದಕ್ಕೆ ಸೋಮವಾರವೇ ಹಾಕ್ತೀನಿ. ಎಇ ಸಾರ್, ಒಂದ್ಸಲ ಕರಡು ನೋಡಿ ಕೊಡ್ತೀರಾ? ಅಭ್ಯರ್ಥಿಗಳಿಗೆ ಕೇಳೋ ಪ್ರಶ್ನೆ ಒಂದು ಹಾಳೇಲಿ ಬರೆದು ಶನಿವಾರ ಬೆಳಿಗ್ಗೆ ಆರೂವರೆಗೆ ಪಾರ್ಕ್ ಗೇಟ್ ಹತ್ರ ತರ್ತೀನಿ, ಮೂರು ಜನಕ್ಕೂ ಒಂದೇ ಪ್ರಶ್ನೆ, ಒಂದೇ ಹಾಳೆ. ಪಾರ್ಕ್ ವಾಕಿಂಗ್ ಅಕ್ಕ, ಹಿಂದಿನ ಸಾಲಿನೋರನ್ನೂ ನೀವು ಕರ್ಕೊಂಡು ಬನ್ನಿ, ಅವ್ರ ಪ್ರಶ್ನೆ ಮೊದ್ಲು ಬರ್ಕೊಳ್ಳೋಣ.

ರಿಟೈರ್ಡ್ ಎಇ

ಕಳ್ಸಿ, ನೋಡ್ತೀನಿ. ವಾರ್ಡ್ ಗಡಿ ಬದಲಾಗಿರೋದ್ರಿಂದ ಹಳೇ ವಾರ್ಡ್ ನಂಬರ್ರೂ ಹೊಸದೂ ಎರಡೂ ಬರೀರಿ, ಇಲ್ಲಾಂದ್ರೆ ಮಾಹಿತಿ ಲಭ್ಯವಿಲ್ಲ ಅಂತ ಒಂದು ಸಾಲಲ್ಲಿ ವಾಪಸ್ ಬರತ್ತೆ.